ಅಜೀಜಾಬಿ ತೊಳೆದ ಬಾಟಲಿ

ಆಳಂದದಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅಜೀಜಾಬಿ ಡಾಕ್ಟರ್ ದೌಲತರಾಯರ ದವಾಖಾನೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಬಾಟಲಿ ತಿಕ್ಕುತ್ತಿರುತ್ತಾರೆ. ದಿನಕ್ಕೆ ನಲವತ್ತು. ಸೋಡಾ ನೀರಲ್ಲಿ ಎರಡು ಸಲ, ಬರೀ ನೀರಲ್ಲಿ ಮೂರು ಸಲ. ಹದಿನಾರು ವರ್ಷದಿಂದ ಊರ ಮೂತ್ರವನ್ನೆಲ್ಲ ಹೊತ್ತು ತಿರುಗಿದ ಇವರಿಗೆ ಯಾವ ಮುಜುಗರವೂ ಇಲ್ಲ. ಮುಜುಗರವೆಲ್ಲ ಕೊಡುವವರದು.

ಇಲ್ಲಿ ಬಾಟಲಿಯನ್ನು ರೋಗಿಗಳೇ ಮನೆಯಿಂದ ತರಬೇಕು. ಕೆಮ್ಮಿನ ಔಷಧಿಯದು, ತಲೆಗೆಣ್ಣೆಯದು, ಹೆಸರು ಹೇಳಬಾರದ್ದು. ಅಜೀಜಾಬಿ ತೊಳೆದುಕೊಟ್ಟ ಮೇಲೆ ತುಂಬಿಸಿ, ಪರೀಕ್ಷೆಗೆ ಕೊಟ್ಟು, ಸಂತೆ ಮುಗಿಸಿ ಬಂದು ಬಾಟಲಿ ವಾಪಸ್ ಕೇಳುತ್ತಾರೆ. ಒಮ್ಮೆ ಬೇಗ ಚೆಲ್ಲಿ ತೊಳೆದಿಟ್ಟಾಗ ಅದಲುಬದಲಾಗಿ ದೊಡ್ಡ ಜಗಳವೇ ಆಗಿತ್ತು. ಅಂದಿನಿಂದ ವಾರಸುದಾರರು ಬರುವತನಕ ಬಾಟಲಿಗಳು ತುಂಬಿದಂತೆಯೇ ಕಿಟಕಿಯಲ್ಲಿ ಬಿಸಿಲು ಕಾಯಿಸುತ್ತವೆ.

ಹೋದ ವರ್ಷ, ಎಂಬತ್ತೈದರ ಬೇಸಿಗೆಯಲ್ಲಿ, ಸರಸಂಬಾದ ಗುರುಶಾಂತಮ್ಮ ಜ್ವರದ ಮಗಳನ್ನು ಕರೆತಂದಿದ್ದರು. ಮಗುವಿನ ಬಾಟಲಿಯಲ್ಲಿ ಬೆಳಿಗ್ಗೆ ತಿಳಿಯಾಗಿದ್ದದ್ದು ಸಂಜೆಗೆ ಮಸಿಯಾಗಿತ್ತು. ತಲೆಗೆಣ್ಣೆಯ ಬಾಟಲಿ ಹಾಳಾಯಿತೆಂದು ಗುರುಶಾಂತಮ್ಮ ಗಲಾಟೆ ಎಬ್ಬಿಸಿದರು. ತೊಳೆಯಲೂ ಬಾರದವಳು ನಾಳೆಯಿಂದ ಬರಬೇಡವೆಂದು ಡಾಕ್ಟರು ಎಲ್ಲರೆದುರು ಗದರಿದರು. ಕೆಲಸ ಹೋಗುವುದಕ್ಕಿಂತ ಆ ‘ತೊಳೆಯಲೂ ಬಾರದವಳು’ ಅಜೀಜಾಬಿಗೆ ಹೆಚ್ಚು ಚುಚ್ಚಿತು.

“ಸಾಹೇಬ್ರ, ನಾಳೆ ಬಾಟ್ಲಿ ನೀವೇ ತೊಳೀರಿ. ಕರ್ರಗ ಆಗಲಿಲ್ಲಂದ್ರ ನಾ ಹೋಗ್ತೇನಿ,” ಎಂದರು.

ಮರುದಿನ ಗುರುಶಾಂತಮ್ಮ ಮಗಳನ್ನು ಮತ್ತೆ ಕರೆತಂದಾಗ ಡಾಕ್ಟರೇ ತೊಳೆದರು. ಒಂದು ಬಾಟಲಿಗೆ ಅರ್ಧ ತಾಸು ಹಿಡಿಯಿತೆಂದು ಅಜೀಜಾಬಿ ಈಗಲೂ ನಗುತ್ತಾರೆ. ಮಗುವಿನ ಮೂತ್ರ ಅದರಲ್ಲಿ ಹಿಡಿದಿಟ್ಟ ಮೇಲೆ ರೋಗಿಗಳನ್ನು ಹೊರಗೇ ಕೂರಿಸಿ ಇಬ್ಬರೂ ಕಿಟಕಿ ಕಾಯ್ದರು. ಮಧ್ಯಾಹ್ನ ಚಹಾದ ಬಣ್ಣ, ಸಂಜೆಗೆ ಮತ್ತೆ ಮಸಿ. ಡಾಕ್ಟರು ಎದ್ದು, ಕಾಲೇಜಿನ ಪುಸ್ತಕದ ಧೂಳು ಕೊಡವಿದರು.

ಆಲ್ಕ್ಯಾಪ್ಟೊನೂರಿಯಾ. ಪ್ರೋಟೀನಿನ ಒಂದು ಅಂಶವನ್ನು ಪೂರ್ತಿ ಅರಗಿಸಬೇಕಾದ ಕಿಣ್ವ ಹುಟ್ಟಿನಿಂದಲೇ ಕೈಕೊಟ್ಟಿರುತ್ತದೆ. ಅರ್ಧಕ್ಕೆ ನಿಂತ ಹೋಮೋಜೆಂಟಿಸಿಕ್ ಆಮ್ಲ ಮೂತ್ರಕ್ಕಿಳಿದು, ಗಾಳಿ ತಾಗಿ ಕಪ್ಪಾಗುತ್ತದೆ. ಲಕ್ಷಗಳಲ್ಲಿ ಒಬ್ಬರಿಗೆ ಬರುವ ಈ ದೋಷ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬೇಕು. ಗುರುಶಾಂತಮ್ಮ ಮದುವೆಯಾದದ್ದು ಸೋದರಮಾವನನ್ನೇ. ಮಗುವಿಗೆ ಸದ್ಯ ತೊಂದರೆಯಿಲ್ಲ, ದೊಡ್ಡವಳಾದ ಮೇಲೆ ಕೀಲುನೋವು ಬರಬಹುದು. ಬೇಗ ಚೆಲ್ಲಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಅಜೀಜಾಬಿಯ ಕೆಲಸ ಉಳಿಯಿತು. ಡಾಕ್ಟರು ತಪ್ಪಾಯಿತು ಎನ್ನದೆ ಚಹಾ ತರಿಸಿಕೊಟ್ಟರು. ಬಣ್ಣ ನೋಡಿ ಅಜೀಜಾಬಿಗೆ ಅವತ್ತು ಅದನ್ನು ಕುಡಿಯಲಾಗಲಿಲ್ಲವಂತೆ. ಆ ಬಾಟಲಿ ಈಗ ಗುಲಬರ್ಗಾದ ದೊಡ್ಡ ಡಾಕ್ಟರೊಬ್ಬರ ಕಪಾಟಿನಲ್ಲಿದೆ. ಗುರುಶಾಂತಮ್ಮ ಬಂದಾಗಲೆಲ್ಲ ಅದನ್ನು ಕೇಳುತ್ತಾರೆ.

ಅಜೀಜಾಬಿಗೆ ಮಾತ್ರ ಬಾಟಲಿ ಬೇಡ.

“ಅದರ ಮ್ಯಾಲ ಚೀಟಿ ಹಚ್ಚಿ ಜಡ್ಡಿನ ಹೆಸರು ಬರದಾರಂತ್ರಿ,” ಎನ್ನುತ್ತ ಮುಂದಿನ ಬಾಟಲಿಗೆ ಕೈ ಹಾಕುತ್ತಾರೆ. “ಕೆಳಗ ಸಣ್ಣ ಅಕ್ಷರದಾಗ, ಬಾಟ್ಲಿ ಸ್ವಚ್ಛ ಇತ್ತು ಅಂತ ಬರೆದಿದ್ರ ಸಾಕಾಗಿತ್ರಿ.”