ಬಾಗಿಲ ಹೊರಗಿನ ಕ್ರೇಟು

ಕಾಗವಾಡದ ನಮ್ಮ ಓಣಿಯ ಅಮೋಲ, ಯಾರರೆ ನಮಸ್ಕಾರ ಅಂದ್ರ ‘ನಿಮ್ಮ ಹುಡುಗೂರ ಹೊಟ್ಟಿ ಸಾಫ್ ಆಗ್ತೈತೇನ್ರಿ?’ ಅಂತ ಕೇಳೋ ಮನಶ್ಯಾ. ತಾಯಿಯಿಲ್ಲದ ಮಗಳು ಕೋಮಲಗ ಮಲಬದ್ಧತೆ ಆದಾಗಿಂದ ಅವನಿಗದೇ ಧ್ಯಾನ. ಮುಂಜಾನೆ ತನ್ನ ದ್ರಾಕ್ಷಿ ತೋಟದಾಗ ಒಣಗಿಸಿದ ಮಣೂಕ ನೆನೆಸಿದ್ದು, ಊಟಕ್ಕ ತೊಪ್ಪಲಪಲ್ಲೆ, ಚರಿಗಿಗಟ್ಟಲೆ ನೀರು, ಡಾಕ್ಟರ್ ಕೊಟ್ಟ ಪುಡಿ. ಉಂಡಕೂಡ್ಲೆ ಕಮೋಡಿನ ಮ್ಯಾಲೆ ಕುಂತ ಮಗಳ ಕಾಲ ಕೆಳಗ ಒಂದು ದ್ರಾಕ್ಷಿ ಕ್ರೇಟು, ಬಾಗಿಲ ಹೊರಗ ಇನ್ನೊಂದರ ಮ್ಯಾಲೆ ಇಂವ. ದ್ರಾಕ್ಷಿ ವ್ಯಾಪಾರಿ ಬಂದು ಒದರಿದ್ರೂ ಏಳತಿದ್ದಿಲ್ಲ. ‘ಪಪ್ಪಾ, ಅದೀಯೇನ?’ ಒಳಗಿಂದ ಕೋಮಲ. ‘ಇಲ್ಲೇ ಅದೀನವಾ.’ ಬ್ಯಾರೆ ಹೊತ್ತಿನ್ಯಾಗ ತುಟಿ ಬಿಚ್ಚದ ಹುಡುಗಿ ಅಲ್ಲಿ ಕುಂತು ಸಾಲಿ ಸುದ್ದಿ ಎಲ್ಲಾ ಹೇಳಾಕಿ. ಈಗ ಹೊಟ್ಟಿ ನೆಟ್ಟಗಾಗೈತಿ. ಚಿಲಕ ಹಾಕ್ಕೊಂಡು ಸುಮ್ಮನ ಹೋಗಿ ಬರ್ತಾಳ. ಅಮೋಲ ಮಾತ್ರ ಉಂಡಕೂಡ್ಲೆ ಆ ಕ್ರೇಟಿನ ಮ್ಯಾಲೆ ಹೋಗಿ ಕುಂದರ್ತಾನ. ಯಾರೂ ಕೇಳದಿದ್ರೂ ‘ಇಲ್ಲೇ ಅದೀನವಾ’ ಅಂತಾನ.