ಅಂಟು ಮಾಮ ಬಿಚ್ಚಿದ ಪುಸ್ತಕ

ಬೀದಿಯವರೆಲ್ಲ ಅವರನ್ನು ಅಂಟು ಮಾಮ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಶೂರ. ದಬ್ಬಣವೇ ಖಡ್ಗ, ಮೈದಾ ಅಂಟಿನ ಡಬ್ಬವೇ ಬತ್ತಳಿಕೆ. ಆ ಹಸಿ ಅಂಟಿನ ವಾಸನೆ ನೆನೆದರೆ ಈಗಲೂ ಅವರ ಮೂಗು ಅರಳುತ್ತದೆ.

ಆ ಕಾಲದ ಸೊಗಸೇ ಬೇರೆ. ಚರ್ಚಿನವರ ಹರಿದ ಸತ್ಯವೇದಗಳು ಅಂಗಡಿಗೆ ಬರುತ್ತಿದ್ದವು. ಹಾಳೆಯ ಅಂಚಿಗೆ ಸವರಿದ ಅಂಟು ಒಣಗುವಷ್ಟು ಹೊತ್ತು ಮಾಮ ನಿಂತಲ್ಲೇ ಓದುತ್ತಿದ್ದರು. ಒಣಗಿತೋ, ಹಾಳೆ ಬಿಗಿದು ಒತ್ತುವ ಪ್ರೆಸ್ಸಿನೊಳಗೆ. ಕಥೆಯಲ್ಲಿ ಬಿರುಗಾಳಿಗೆ ದೋಣಿ ಮುಳುಗುವ ಹೊತ್ತಿಗೇ ಸರಿಯಾಗಿ ಓದು ಬಂದ್! "ಆಮೇಲೇನಪ್ಪಾ? ನನ್ನನ್ನೂ ದಡ ಸೇರಿಸ್ತೀಯಾ?" ಎಂದು ಮನೆಯ ದಾರಿಯುದ್ದಕ್ಕೂ ದೇವರನ್ನು ಪೀಡಿಸುತ್ತಿದ್ದರು. ಎದುರು ಬಂದವರು, ಇವರಿಗೆ ಯಾರ ಜತೆ ಜಗಳವೋ ಎಂದು ಪಕ್ಕಕ್ಕೆ ಸರಿಯುತ್ತಿದ್ದರು.

ಅಂಗಡಿ ಮುಚ್ಚಿದ ಮೇಲೆ ಮಗಳು ದಪ್ಪಕ್ಷರದ ಹೊಸ ಸತ್ಯವೇದ ತಂದುಕೊಟ್ಟಳು. ಮಾಮ ದಂಡಯಾತ್ರೆ ಹೊರಟೇಬಿಟ್ಟರು: ದಿನಕ್ಕೆ ಹತ್ತು ಅಧ್ಯಾಯ! ರಾಜರು ಉರುಳಿದರು, ಪ್ರವಾದಿಗಳು ಶರಣಾದರು, ನಾಲ್ಕೇ ತಿಂಗಳಲ್ಲಿ ಇಡೀ ಗ್ರಂಥ ಕೈವಶ. ಆದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡದು.

"ಕೇಳೋದಕ್ಕೇ ಏನೂ ಇಲ್ಲ ಕಣೇ," ಹೆಂಡತಿಯ ಮುಂದೆ ತೋಡಿಕೊಂಡರು. "ಊಟ ಆದವನು ಪಂಕ್ತೀಲಿ ಕೂತ ಹಾಗೆ ದೇವರ ಮುಂದೆ ಕೂತಿರ್ತೀನಿ. ಹೀಗೇ ಇದ್ದುಬಿಡ್ತೀನೇನೋ ಅಂತ ಭಯ."

ಆಕೆ ಬಟ್ಟೆ ಮಡಚುತ್ತಲೇ ಅಂದರು: "ಗಬಗಬ ನುಂಗಿದ್ರೆ ತೇಗು ಬರುತ್ತೆ, ಹಸಿವು ಬರುತ್ತಾ? ಅರ್ಧ ಪುಟ ಓದ್ಕೊಂಡು ಬಂದು ನನ್ನ ತಲೆ ತಿಂತಿದ್ದ ಗಂಡಸು ಎಲ್ಲಿ ಹೋದ್ರು?"

ಮರುದಿನ ಮಾಮ ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಬ್ಲೇಡು ಹಿಡಿದು ಹೊಚ್ಚಹೊಸ ಪುಸ್ತಕದ ಬೆನ್ನು ಸೀಳಿದರು, ಹೊಲಿಗೆ ಬಿಚ್ಚಿದರು, ಹಾಳೆಹಾಳೆ ಮಾಡಿ ಹೆಂಡತಿಯ ಕೈಗಿತ್ತರು.

"ದಿನಕ್ಕೆ ಒಂದೇ. ಅತ್ತರೂ ಹೆಚ್ಚಿಗೆ ಕೊಡಬೇಡ."

"ಅಯ್ಯೋ, ಮಗಳು ನೋಡಿದ್ರೆ?"

"ನಿಮ್ಮಪ್ಪ ಹಸಿವು ಹುಡುಕ್ತಿದ್ದಾರೆ ಅನ್ನು."

ಮೊದಲ ವಾರ ಬರೀ ಚಡಪಡಿಕೆ. "ಇನ್ನೊಂದೇ ಒಂದು" ಎಂದು ಅಡುಗೆಮನೆಗೆ ಹತ್ತು ಸಲ ದಂಡೆತ್ತಿ ಹೋಗಿ ಸೋತು ಬಂದರು. ಎಂಟನೆಯ ದಿನದ ಹಾಳೆಯಲ್ಲಿ, ರೋಗ ವಾಸಿಮಾಡುವ ಸ್ವಾಮಿಯಿದ್ದ ಮನೆಗೆ ನಾಲ್ವರು ಒಬ್ಬ ರೋಗಿಯನ್ನು ಹೊತ್ತು ತಂದಿದ್ದರು. ಬಾಗಿಲ ತುಂಬ ಜನ, ಒಳಗೆ ಹೋಗಲು ದಾರಿಯಿಲ್ಲ. ಹಾಳೆ ಅಲ್ಲಿಗೇ ಮುಗಿಯಿತು. ಮುಂದಿನದು ಮಾಮನಿಗೆ ಬಾಯಿಪಾಠವಿತ್ತು. ಆದರೂ ಮಧ್ಯಾಹ್ನವೆಲ್ಲ ಕೋಣೆಯಲ್ಲಿ ಅತ್ತಿಂದಿತ್ತ ನಡೆದು ಗೊಣಗಿದರು: "ಹೊರಗೇ ನಿಲ್ಲಿಸ್ತೀಯಾ? ನನ್ನನ್ನೂ ಒಳಗೆ ಕರೆಯಪ್ಪಾ."

ಹೆಂಡತಿಗೆ ನೋಡಲಾಗಲಿಲ್ಲ. ಮುಂದಿನ ಹಾಳೆ ತಂದು ಚಾಚಿದರು. "ತಗೊಳ್ಳಿ, ಇದೊಂದು ಸಲ."

ಮಾಮ ತಿರುಗಿಯೂ ನೋಡಲಿಲ್ಲ. "ಬೇಡ ಕಣೇ, ಇರ್ಲಿ. ಇನ್ನೂ ಅವನನ್ನ ಕೇಳ್ತಾ ಇದ್ದೀನಿ."