ಅವರವರ ಡಬ್ಬಿ

ಮಗನನ್ನು ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ರಸ್ತೆಯ ಪ್ಲೇಹೋಮಿಗೆ ಸೇರಿಸಿ ಇನ್ನೂ ತಿಂಗಳು ಕೂಡ ಆಗಿರಲಿಲ್ಲ, ಆಗಲೇ ದೂರು ಬಂತು.

"ಮೇಡಂ, ಊಟದ ಟೈಮಲ್ಲಿ ಎಲ್ಲರ ಡಬ್ಬೀಗೂ ಕೈ ಹಾಕ್ತಾನೆ. ತನ್ನ ಇಡ್ಲಿ ಮುರಿದು ಪಕ್ಕದವ್ರ ಬಾಯಿಗೆ ತುರುಕ್ತಾನೆ. ಪೇರೆಂಟ್ಸ್ ಬಂದು ನನ್ ಹತ್ರ ಜಗಳ ಆಡ್ತಾರೆ. ಸ್ವಲ್ಪ ಹೇಳ್ಕೊಡಿ," ಎಂದರು ಮಿಸ್. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ. ಹೊರಡುವಾಗ ಸುಮ್ಮನೆ ಮಾತಿಗೆಂದು, "ನಿಮ್ದು ಯಾವೂರು ಮೇಡಂ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. "ಮಾಗಡಿ ಕಡೆ" ಎಂದಷ್ಟೇ ಹೇಳಿ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಮಾಗಡಿ ಕಡೆಯವರು ಎಂದರೆ ಯಾರು ಬೇಕಾದರೂ ಆಗಬಹುದು. ನಾವು ಇರುಳಿಗರು, ಕಾಡನ್ನೇ ನಂಬಿ ಬದುಕಿದ ಬುಡಕಟ್ಟಿನವರು. ಮಾಗಡಿಯ ಆಚೆ, ಬೆಟ್ಟದ ಬುಡದಲ್ಲಿ ನಮ್ಮ ದೊಡ್ಡಿ, ಕೆಲವೇ ಮನೆಗಳ ಪುಟ್ಟ ಹಳ್ಳಿ. ಅಜ್ಜ ಬಂಡೆಯಿಂದ ಜೇನು ಇಳಿಸುತ್ತಿದ್ದ. ಅವ್ವ ಇವತ್ತಿಗೂ ಹಾರೆ ಹಿಡಿದು ಕಾಡುಗೆಣಸು ಅಗೆಯುತ್ತಾಳೆ. ನಾನು ಹಾಸ್ಟೆಲಿನಲ್ಲಿ ಓದಿಕೊಂಡು, ಇಲ್ಲೊಂದು ಸಣ್ಣ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಹಿಡಿದವಳು. ಕೆಳಗಿನ ಮನೆಯ ಓನರ್ ಆಂಟಿಗೂ ನಾವು ಮಾಗಡಿ ಕಡೆಯವರು ಎಂದಷ್ಟೇ ಗೊತ್ತು.

ಮಗ ಪ್ಲೇಹೋಮಿಗೆ ಸೇರುವವರೆಗೆ ದೊಡ್ಡಿಯಲ್ಲಿ ಅವ್ವನ ಹತ್ತಿರವೇ ಬೆಳೆದ. ಅಲ್ಲಿ ಮಕ್ಕಳಿಗೆ ಇದು ನಿನ್ನ ತಟ್ಟೆ, ಅದು ಅವನ ತಟ್ಟೆ ಎಂಬುದಿಲ್ಲ. ಹಸಿವಾದರೆ ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಅಲ್ಲಿಗೆ ನುಗ್ಗುತ್ತವೆ. ಒಂದು ಮನೆಯಲ್ಲಿ ಮುದ್ದೆ, ಇನ್ನೊಂದರಲ್ಲಿ ಸಾರು, ಮತ್ತೊಂದರಲ್ಲಿ ಬೆನ್ನಿಗೊಂದು ಗುದ್ದು. ನಾನೂ ಹಾಗೆಯೇ ಬೆಳೆದವಳು. ಯಾರ ಮನೆಯ ಅನ್ನ ನನ್ನ ಮೈಗೆ ಎಷ್ಟು ಹತ್ತಿದೆ ಎಂದು ಹೇಳುವುದು ಅವ್ವನಿಂದಲೂ ಆಗದು. ಹಾಗಾಗಿ ಮಗ ಪ್ಲೇಹೋಮಿನಲ್ಲಿ ಮಾಡಿದ್ದು ಏನೆಂದು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅದನ್ನೇ ಮಿಸ್‌ಗೆ ಹೇಳಬಹುದಿತ್ತು.

ಮನೆಗೆ ಬಂದವಳೇ ಮಗನಿಗೆ ಪಾಠ ಶುರು ಮಾಡಿದೆ. ಅವನ ಮುಂದೊಂದು ಡಬ್ಬಿ, ನನ್ನ ಮುಂದೊಂದು ಡಬ್ಬಿ.

"ನಿಂಗೆ?"

"ನನ್ ಡಬ್ಬಿ."

"ಅಮ್ಮಂಗೆ?"

ಅವನು ನಕ್ಕು ತನ್ನ ಡಬ್ಬಿಯಿಂದ ಒಂದು ತುಂಡು ದೋಸೆಯನ್ನು ನನ್ನ ಬಾಯಿಗೆ ಹಿಡಿದ. ಆ ಕೈಗೆ ಹೊಡೆದೆ. ಮೆಲ್ಲಗೇ ಹೊಡೆದೆ ಎಂದು ಬರೆಯಬೇಕೆಂದು ಆಸೆಯಾಗುತ್ತಿದೆ, ಆದರೆ ಅದು ಸುಳ್ಳಾಗುತ್ತದೆ. ದೋಸೆ ನೆಲಕ್ಕೆ ಬಿತ್ತು. "ಅಮ್ಮಂಗೆ ಅಮ್ಮನ ಡಬ್ಬಿ. ಹೇಳು!" ಎಂದೆ. ಗೂಡ್ಸ್ ಆಟೋ ನಿಲ್ಲಿಸಿ ಆಗಷ್ಟೇ ಒಳಗೆ ಬಂದ ನನ್ನ ಗಂಡ, "ಮಗು ಕಣೇ ಅದು, ಪೊಲೀಸ್ ಟ್ರೇನಿಂಗಾ?" ಎಂದರು. ಅವರ ಮೇಲೂ ರೇಗಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದೊಡ್ಡ ಮಾತು ಬೇರೆ ಆಡಿದೆ.

ಗಿಡ ಬಗ್ಗಿತು. ಕೆಲವೇ ವಾರಗಳಲ್ಲಿ ಮಿಸ್ ಗೇಟಿನ ಹತ್ತಿರವೇ ನನ್ನನ್ನು ನಿಲ್ಲಿಸಿ, "ಗುಡ್ ಬಾಯ್ ಆಗ್ಬಿಟ್ಟಿದಾನೆ ಮೇಡಂ, ಯಾರ ತಂಟೆಗೂ ಹೋಗಲ್ಲ," ಎಂದರು. ಒಂದು ದಿನ ಊಟದ ಹೊತ್ತಿಗೆ ಹೋದಾಗ ಕಿಟಕಿಯಿಂದ ನೋಡಿದೆ. ಉಳಿದ ಮಕ್ಕಳು ಸಾಲಾಗಿ ಕುಳಿತು ಕೀಚಲು ದನಿಯಲ್ಲಿ ಗಲಾಟೆ ಮಾಡುತ್ತಾ ತಿನ್ನುತ್ತಿದ್ದವು. ನನ್ನ ಮಗ ಗೋಡೆಯ ಕಡೆ ತಿರುಗಿ ಕೂತು, ಡಬ್ಬಿಗೆ ಎಡಗೈ ಅಡ್ಡ ಹಿಡಿದುಕೊಂಡು ತಿನ್ನುತ್ತಿದ್ದ. ಆಮೇಲೆ ಡಬ್ಬಿ ಅರ್ಧಕ್ಕರ್ಧ ವಾಪಸ್ ಬರತೊಡಗಿತು. ಮಾತೂ ಕಡಿಮೆಯಾಯಿತು. ನಮ್ಮ ಕ್ಲಿನಿಕ್ಕಿನ ಡಾಕ್ಟರ್ ತೂಕ ನೋಡಿ, "ಪರವಾಗಿಲ್ಲ, ಒಬ್ಬನೇ ಕೂತ್ರೆ ಮಕ್ಕಳು ತಿನ್ನಲ್ಲ, ಜೊತೇಲಿ ಕೂರ್ಸಿ," ಎಂದರು. ನಾನು ಹೂಂಗುಟ್ಟಿ ಟಾನಿಕ್ ಬರೆಸಿಕೊಂಡು ಬಂದೆ.

ಅಷ್ಟರಲ್ಲಿ ಅವ್ವ ಫೋನ್ ಮಾಡಿದಳು. "ಗೆಣಸು ಬಲ್ತೈತೆ. ಕೂಸ್ನ ಕರ್ಕಂಡು ಬಾ ಮಗಾ, ಕೈ ತುಂಬ ಹಂಚಲಿ."

ನಮ್ಮ ದೊಡ್ಡಿಯಲ್ಲಿ ಹೀಗೊಂದು ಪದ್ಧತಿ. ಮಗುವಿಗೆ ಕಾಲು ಗಟ್ಟಿಯಾಗಿ ಮಾತು ಬಂದ ಮೇಲೆ, ಕೆಂಡದಲ್ಲಿ ಸುಟ್ಟ ಕಾಡುಗೆಣಸನ್ನು ಮುತ್ತುಗದ ಎಲೆಯಲ್ಲಿಟ್ಟು ಅದರ ಮಡಿಲಿಗೆ ಕೊಡುತ್ತಾರೆ. ಪೂಜೆಯಿಲ್ಲ, ಐನೋರಿಲ್ಲ. ಮಗು ತನ್ನ ಕೈಯಿಂದಲೇ ಎಲ್ಲರಿಗೂ ಹಂಚಿ, ಕೊನೆಗೆ ಉಳಿದದ್ದನ್ನು ತಾನು ತಿನ್ನಬೇಕು. ಅದರ ಕೈಯಿಂದ ಯಾರ್ಯಾರು ಇಸಿದುಕೊಂಡು ತಿನ್ನುತ್ತಾರೋ ಅವರೆಲ್ಲ ಆ ಮಗುವಿಗೆ ಅವ್ವಂದಿರೆಂದು ಲೆಕ್ಕ. ಉಣಿಸುವ ಹೊಣೆ, ಬೈಯುವ ಹಕ್ಕು ಎರಡೂ ಅವರದು. ನನ್ನ ಮಗ ಕೊಡದೇ ಹೋದರೆ ಅವನಿಗೆ ದೊಡ್ಡಿಯೆಂಬುದು ರಜಕ್ಕೆ ಹೋಗಿಬರುವ ಜಾಗ, ಅಷ್ಟೇ. ಅವನಿಗೆ ಉಳಿಯುವವಳು ನಾನೊಬ್ಬಳೇ. ದೋಸೆ ಹಿಡಿದ ಕೈಗೆ ಹೊಡೆದ ನನ್ನೊಬ್ಬಳನ್ನೇ ನಂಬಿ ಒಂದು ಮಗು ಬೆಳೆಯುವುದೆಂದರೆ ನನಗೇ ಭಯವಾಯಿತು.

ಭಾನುವಾರ ಗಂಡನಿಗೆ ಬಾಡಿಗೆ ಸಿಕ್ಕಿದ್ದರಿಂದ ನಾನೂ ಮಗನೂ ಇಬ್ಬರೇ ಸ್ಕೂಟರಿನಲ್ಲಿ ಬ್ಯಾಡರಹಳ್ಳಿ ದಾಟಿ ಹೊರಟೆವು. ದಾರಿಯುದ್ದಕ್ಕೂ ಅವನಿಗೆ ಹೇಳುತ್ತಲೇ ಹೋದೆ: ಅಲ್ಲಿ ಎಲ್ಲರಿಗೂ ಕೊಡಬೇಕು ಕಂದ, ಕೊಡ್ತೀಯಲ್ವಾ?

ಹುಣಸೆಮರದ ಕೆಳಗೆ ಹೆಂಗಸರೆಲ್ಲ ಸೇರಿದ್ದರು. ಅವ್ವ ಹೊಗೆಯಾಡುವ ಗೆಣಸನ್ನು ಊದಿ ಆರಿಸಿ, ತುಂಡು ಮಾಡಿ, ಎಲೆಯ ಸಮೇತ ಅವನ ಮಡಿಲಿಗಿಟ್ಟಳು. ಅವನು ತಕ್ಷಣ ಎರಡೂ ಕೈ ಅಡ್ಡ ಹಾಕಿ ಎಲೆಯನ್ನು ಎದೆಗವಚಿಕೊಂಡ.

"ಕೊಡು ಕೂಸೇ, ಅಜ್ಜಿಗೆ ಹಸಿವು," ಎಂದು ಅವ್ವ ಕೈಯೊಡ್ಡಿದಳು.

ಅವನು ಅವಳ ಕೈ ನೋಡಲಿಲ್ಲ, ನನ್ನ ಮುಖ ನೋಡಿದ. "ಕೊಡಬಾರ್ದು. ಅಮ್ಮ ಹೊಡೀತಾಳೆ."

"ಪ್ಯಾಟೆ ಕೂಸು ಕಣವ್ವೋ," ಎಂದು ಯಾರೋ ನಕ್ಕರು. ಅವ್ವ ನಗಲಿಲ್ಲ. "ಏನ್ ಕಲಿಸಿದ್ದೀಯಮ್ಮಿ ಮಗೀಗೆ?" ಎಂದಳು.

"ಸ್ಕೂಲಲ್ಲಿ ಹಂಗೆ ಹೇಳ್ತಾರೆ ಕಣವ್ವ," ಎಂದೆ. ಆ ಮಾತು ಮುಗಿಯುವ ಮೊದಲೇ ನಾಚಿಕೆಯಾಯಿತು. ಮಿಸ್ ಹೇಳಿದ್ದು ಬರೀ ಡಬ್ಬಿಯ ಮಾತು. ಏಟು ನನ್ನದು. ಆ ಏಟಿನ ಹಿಂದಿನ ಹೆದರಿಕೆಯೂ ನನ್ನದೇ. ನಾವು ಯಾರೆಂದು ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆಯನ್ನು ಮೂರು ವರ್ಷದ ಮಗುವಿನ ಕೈಯಲ್ಲಿಟ್ಟು ಕಾವಲು ಕೂರಿಸಿದವಳು ನಾನು.

ಅವನ ಮುಂದೆ ಕುಕ್ಕರಗಾಲಲ್ಲಿ ಕೂತೆ. "ತಪ್ಪು ನಂದು ಕಂದ. ಕೊಡು. ಹೊಡೆಯಲ್ಲ."

"ಬೈಯಲ್ವಾ?"

"ಬೈಯಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. "ನೀನು ಆ ಕಡೆ ತಿರುಕೋ," ಎಂದ.

ಎದ್ದು ಬೆಟ್ಟದ ಕಡೆ ಮುಖ ಮಾಡಿ ನಿಂತೆ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿತ್ತು. ಬೆನ್ನ ಹಿಂದೆ ಎಲೆ ಸರಸರ ಎಂದಿತು. ಅವ್ವನ ದನಿ, "ಬಾಳು ನನ್ನಪ್ಪ!" ಪುಟ್ಟ ಹೆಜ್ಜೆಗಳು ಒಬ್ಬೊಬ್ಬರ ಹತ್ತಿರ ಓಡಿದವು. "ನಂಗೆ?" "ನಂಗೆಲ್ಲಿ ಮಗಾ?" ಎಂದು ಹೆಂಗಸರು ಕಾಡಿಸುತ್ತಿದ್ದರು, ಅವನು ಕಿಲಕಿಲ ನಗುತ್ತಿದ್ದ. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಹೋದದ್ದೆಲ್ಲ ವಾಪಸ್ ಬಂತು, ನನ್ನ ತಪ್ಪು ಇಲ್ಲಿಗೆ ತೀರಿತು ಎಂದುಕೊಂಡೆ.

ಕಣ್ಣೊರೆಸಿಕೊಂಡು ತಿರುಗಿದಾಗ ಎಲ್ಲರ ಬಾಯಿಯೂ ಆಡುತ್ತಿತ್ತು. ಅವನು ಕೊನೆಯ ತುಂಡನ್ನು ತಾನು ತಿಂದು, ಖಾಲಿ ಎಲೆಯನ್ನು ಮಡಚುತ್ತಿದ್ದ.

"ಅಯ್ಯೋ, ನಿಮ್ಮಮ್ಮಂಗೆ ಕೊಡ್ಲೇ ಇಲ್ವಲ್ಲೋ ಕೂಸೇ?" ಎಂದಳು ಅವ್ವ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತುಂಟತನವೂ ಇರಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿಕೊಂಡು, ನಾನು ಕಲಿಸಿದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.

"ಅಮ್ಮಂಗೆ ಅಮ್ಮನ ಡಬ್ಬಿ."